ನಾಗವಲ್ಲಿಯ ಹಾವು, ಕೊಳ್ಳೇಗಾಲದ ಹೆಸರು: ‘ಆಪ್ತರಕ್ಷಕ’ ಕುರಿತು ಪ್ರೇಕ್ಷಕರು ಇಬ್ಭಾಗವಾದದ್ದೇಕೆ?

ಹೊನ್ನೂರು: ನಗಿಸುತ್ತಲೇ ಹೆದರಿಸುವ ಚಿತ್ರಗಳಿಗೆ ಕನ್ನಡದಲ್ಲಿ ಪ್ರೇಕ್ಷಕರ ಕೊರತೆ ಎಂದೂ ಕಂಡುಬಂದಿಲ್ಲ. ಆದರೆ ಅಂಥ ಚಿತ್ರವೊಂದು ಗೆದ್ದ ಮೇಲೆ ಅದರ ಎರಡನೆಯ ಭಾಗವೂ ತೆರೆಗೆ ಬಂದಾಗ ಪ್ರೇಕ್ಷಕರೆಲ್ಲ ಒಂದೇ ಮಾತು ಆಡಿದ ಉದಾಹರಣೆ ವಿರಳ. 2010ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ‘ಆಪ್ತರಕ್ಷಕ’ ಇದಕ್ಕೆ ಉತ್ತಮ ನಿದರ್ಶನ. ಜನ ಮುಗಿಬಿದ್ದು ನೋಡಿದ ಈ ಚಿತ್ರದ ಬಗ್ಗೆ ಅಂದು ಎದ್ದ ಚರ್ಚೆ ಇಂದಿಗೂ ನಿಂತಿಲ್ಲ. ಕಿರುತೆರೆಯಲ್ಲಿ ಚಿತ್ರ ಮರುಪ್ರಸಾರಗೊಂಡಾಗಲೆಲ್ಲ ಅದೇ ಪ್ರಶ್ನೆ ಮತ್ತೆ ತಲೆ ಎತ್ತುತ್ತದೆ: ‘ಆಪ್ತಮಿತ್ರ’ದಲ್ಲಿ ರೋಗವಾಗಿದ್ದ ನಾಗವಲ್ಲಿ, ‘ಆಪ್ತರಕ್ಷಕ’ದಲ್ಲಿ ನಿಜವಾದ ದೆವ್ವ ಆದದ್ದು ಸರಿಯೇ?

ಇದು ಕೇವಲ ಸಿನಿಮಾ ರುಚಿಯ ಪ್ರಶ್ನೆ ಎಂದು ಮೇಲುನೋಟಕ್ಕೆ ತೋರಬಹುದು. ಆದರೆ ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನ ಹೊನ್ನೂರು ಮತ್ತು ಅದರ ಸುತ್ತಲಿನ ಕೊಳ್ಳೇಗಾಲ, ಹನೂರು ಭಾಗದ ಜನರಿಗೆ ಇದು ಅಷ್ಟು ಹಗುರವಾದ ವಿಷಯವಲ್ಲ. ಕೊಳ್ಳೇಗಾಲ ಎಂಬ ಹೆಸರು ಕನ್ನಡ ನಾಡಿನ ಆಡುಮಾತಿನಲ್ಲಿ ಮಾಟ-ಮಂತ್ರಕ್ಕೆ ಪರ್ಯಾಯ ಪದವಾಗಿ ಬಹುಕಾಲದಿಂದ ಬಳಕೆಯಲ್ಲಿದೆ. ತೆರೆಯ ಮೇಲಿನ ಭೂತಕ್ಕೆ ವಿವರಣೆ ಇರಬೇಕೇ ಬೇಡವೇ ಎಂಬ ಚರ್ಚೆ ಈ ಊರುಗಳ ಹೆಸರಿನ ಮಾನದ ಚರ್ಚೆಯೂ ಹೌದು.

ಮೊದಲ ಚಿತ್ರ ಕೊಟ್ಟ ಉತ್ತರ

ನಾಗವಲ್ಲಿಯ ಕಥೆಯ ಮೂಲ ಕೇರಳದ್ದು. 1993ರಲ್ಲಿ ಫಾಸಿಲ್ ನಿರ್ದೇಶನದಲ್ಲಿ, ಮಧು ಮುಟ್ಟಂ ಅವರ ಕಥೆಯೊಂದಿಗೆ ತೆರೆಕಂಡ ಮಲಯಾಳದ ‘ಮಣಿಚಿತ್ರತಾಳ್’ ಈ ಪರಂಪರೆಯ ಮೊದಲ ಚಿತ್ರ. ಗಂಗಾ ಎಂಬ ಗೃಹಿಣಿಯ ಪಾತ್ರಕ್ಕಾಗಿ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಅದೇ ಕಥೆಯನ್ನು ಆಧರಿಸಿ ಪಿ. ವಾಸು ನಿರ್ದೇಶಿಸಿ, ದ್ವಾರಕೀಶ್ ನಿರ್ಮಿಸಿದ ‘ಆಪ್ತಮಿತ್ರ’ 2004ರ ಆಗಸ್ಟ್ 27ರಂದು ಬಿಡುಗಡೆಯಾಯಿತು. ವಿಷ್ಣುವರ್ಧನ್, ಸೌಂದರ್ಯ, ರಮೇಶ್ ಅರವಿಂದ್, ಪ್ರೇಮಾ, ಅವಿನಾಶ್ ಪ್ರಮುಖ ಪಾತ್ರಗಳಲ್ಲಿದ್ದರು. ಸಂಗೀತ ಗುರುಕಿರಣ್ ಅವರದು.

ಕಥೆ ಸರಳವಾದದ್ದು. ಹಳೆಯ ಅರಮನೆಯೊಂದನ್ನು ಕೊಂಡು ವಾಸಕ್ಕೆ ಬಂದ ದಂಪತಿಗೆ, ಬೀಗ ಹಾಕಿದ ಕೋಣೆಯೊಂದರಲ್ಲಿ ನರ್ತಕಿ ನಾಗವಲ್ಲಿಯ ಆತ್ಮ ಇದೆಯೆಂಬ ಮಾತು ಕಿವಿಗೆ ಬೀಳುತ್ತದೆ. ಕೋಣೆಯ ಬಾಗಿಲು ತೆರೆದ ಮೇಲೆ ಮನೆಯಲ್ಲಿ ಅನಾಹುತಗಳು ಆರಂಭವಾಗುತ್ತವೆ. ಗೆಳೆಯನಾದ ಮನೋವೈದ್ಯ ವಿಜಯ್ ಬರುತ್ತಾನೆ. ಕೊನೆಗೆ ಬಯಲಾಗುವುದು ಇಷ್ಟು: ಮನೆಯೊಳಗೆ ಯಾವ ದೆವ್ವವೂ ಇಲ್ಲ, ಮನೆಯೊಡತಿ ಗಂಗಾಳ ಮನಸ್ಸೇ ಕೇಳಿದ ಕಥೆಯೊಳಗೆ ಸಿಲುಕಿ, ತನ್ನನ್ನು ತಾನು ನಾಗವಲ್ಲಿ ಎಂದು ಭಾವಿಸಿಕೊಂಡಿದೆ.

ಈ ಉತ್ತರದಲ್ಲಿ ಒಂದು ಜಾಣ್ಮೆ ಇತ್ತು. ಚಿತ್ರ ಆಚಾರ್ಯರನ್ನು ಗೇಲಿ ಮಾಡಲಿಲ್ಲ, ಮನೋವೈದ್ಯನನ್ನೂ ಕೈಬಿಡಲಿಲ್ಲ. ಹೋಮದ ಹೊಗೆಯ ನಡುವೆಯೇ ವೈದ್ಯ ತನ್ನ ಚಿಕಿತ್ಸೆಯ ಉಪಾಯ ಹೂಡುತ್ತಾನೆ. ರಾಜನ ಜಾಗದಲ್ಲಿ ಬೊಂಬೆಯೊಂದನ್ನಿಟ್ಟು, ನಾಗವಲ್ಲಿಯ ಸೇಡು ತೀರಿತೆಂದು ರೋಗಿಯ ಮನಸ್ಸನ್ನು ನಂಬಿಸುತ್ತಾನೆ. ನಂಬುವವರಿಗೂ ನಂಬದವರಿಗೂ ಚಿತ್ರಮಂದಿರದಿಂದ ಸಮಾಧಾನದಿಂದ ಹೊರಬರಲು ದಾರಿ ಇತ್ತು. ದ್ವಾರಕೀಶ್ ಅವರ ಹೆದರುಪುಕ್ಕಲ ಪಾತ್ರ ಪ್ರೇಕ್ಷಕರನ್ನು ನಗಿಸಿ, ಮುಂದಿನ ಬೆಚ್ಚಿಬೀಳುವ ದೃಶ್ಯಕ್ಕೆ ಸಜ್ಜುಗೊಳಿಸುತ್ತಿತ್ತು. ಊರಿನ ಮೂಡಲಪಾಯದ ಆಟಗಳಲ್ಲಿ ಹನುಮನಾಯಕ ಮಾಡುವ ಕೆಲಸವೂ ಇಂಥದೇ. ಆತ ಸಭಿಕರ ಪರವಾಗಿ ಹೆದರುತ್ತಾನೆ, ಸಭಿಕರ ಪರವಾಗಿ ತಮಾಷೆ ಮಾಡುತ್ತಾನೆ.

ಎರಡನೆಯ ಭಾಗದಲ್ಲಿ ಬದಲಾದದ್ದೇನು?

‘ಆಪ್ತರಕ್ಷಕ’ವನ್ನು ನಿರ್ದೇಶಿಸಿದವರೂ ಪಿ. ವಾಸು ಅವರೇ. ವಿಷ್ಣುವರ್ಧನ್ ಅವರ 200ನೆಯ ಚಿತ್ರವೆಂದು ಪ್ರಚಾರ ಪಡೆದ ಇದರಲ್ಲಿ ನಾಗವಲ್ಲಿಯ ಭಾವಚಿತ್ರ ಮತ್ತೊಂದು ಕುಟುಂಬದ ಕೈಸೇರುತ್ತದೆ. ನೃತ್ಯ ಸ್ಪರ್ಧೆಯ ಬಹುಮಾನವಾಗಿ ಬಂದ ಆ ಚಿತ್ರಪಟದ ಹಿಂದೆಯೇ ವಿಪತ್ತುಗಳು ಬರುತ್ತವೆ. ಮನೆಯ ಸುತ್ತಮುತ್ತ ಬೃಹದಾಕಾರದ ಹಾವೊಂದು ಕಾಣಿಸಿಕೊಳ್ಳತೊಡಗುತ್ತದೆ. ಅವಿನಾಶ್ ಅವರ ಆಚಾರ್ಯರೂ ವಿಷ್ಣುವರ್ಧನ್ ಅವರ ಮನೋವೈದ್ಯನೂ ಇಲ್ಲಿ ಮರಳಿ ಬರುತ್ತಾರೆ. ಹಾಸ್ಯದ ಹೊಣೆಯನ್ನು ಕೋಮಲ್ ಹೊರುತ್ತಾರೆ. ಲಕ್ಷ್ಮೀ ಗೋಪಾಲಸ್ವಾಮಿ, ಸಂಧ್ಯಾ, ವಿಮಲಾ ರಾಮನ್ ಮತ್ತಿತರರು ತಾರಾಗಣದಲ್ಲಿದ್ದಾರೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇರುವುದು ರಾಜ ವಿಜಯರಾಜೇಂದ್ರ ಬಹದ್ದೂರನ ಪಾತ್ರದಲ್ಲಿ. ಮೊದಲ ಭಾಗದಲ್ಲಿ ಆತ ಹಳೆಯ ಕಥೆಯೊಳಗಿನ ವ್ಯಕ್ತಿ. ಎರಡನೆಯ ಭಾಗದಲ್ಲಿ ಆತ ನೂರಕ್ಕೂ ಹೆಚ್ಚು ವರ್ಷ ದಾಟಿಯೂ ಜೀವಂತವಾಗಿದ್ದಾನೆ. ಮನೋವೈದ್ಯನ ವಿಶ್ಲೇಷಣೆ ಇಲ್ಲಿಯೂ ಇದೆ, ಮನೋರೋಗದ ಮಾತೂ ಇದೆ. ಆದರೆ ಮುಪ್ಪಿನಲ್ಲಿಯೂ ಕತ್ತಿ ಝಳಪಿಸುವ ರಾಜನಿಗಾಗಲಿ, ಅಷ್ಟುದ್ದದ ಹಾವಿಗಾಗಲಿ ಮನೋವೈದ್ಯನ ಪುಸ್ತಕದಲ್ಲಿ ಉತ್ತರವಿಲ್ಲ. ಮೊದಲ ಚಿತ್ರ ಮುಚ್ಚಿದ ಬಾಗಿಲನ್ನು ಎರಡನೆಯದು ಮತ್ತೆ ತೆರೆದಿಟ್ಟಿತು.

ಇದು ಕನ್ನಡಕ್ಕೆ ಮಾತ್ರ ಸೀಮಿತವಾದ ಸಂಗತಿಯೇನಲ್ಲ. ‘ಮಣಿಚಿತ್ರತಾಳ್’ ಆಧರಿಸಿ 2007ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ ನಿರ್ದೇಶಿಸಿದ ‘ಭೂಲ್ ಭುಲಯ್ಯಾ’ ಸಹ ಮನೋರೋಗದ ವಿವರಣೆಯಲ್ಲಿಯೇ ಮುಗಿದಿತ್ತು. 2022ರಲ್ಲಿ ಬಂದ ಅದರ ಎರಡನೆಯ ಭಾಗದಲ್ಲಿ ದೆವ್ವ ದೆವ್ವವಾಗಿಯೇ ಬಂದಿತು. ಎರಡನೆಯ ಭಾಗ ಮಾಡಲು ಹೊರಟವರ ಇಕ್ಕಟ್ಟು ಇಲ್ಲಿದೆ. ವಾಸಿಯಾದ ರೋಗದಿಂದ ಮತ್ತೊಂದು ಕಥೆ ಹುಟ್ಟುವುದು ಕಷ್ಟ. ವಾಸಿಯಾಗದ ದೆವ್ವವಾದರೆ ಎಷ್ಟು ಭಾಗಗಳನ್ನು ಬೇಕಾದರೂ ಮಾಡಬಹುದು.

ಮೂರು ಬಗೆಯ ನೋಟ

ಚಿತ್ರದ ಬಗ್ಗೆ ಅಂದಿನಿಂದ ಇಂದಿನವರೆಗೆ ಕೇಳಿಬರುವ ಅಭಿಪ್ರಾಯಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಅಭಿಮಾನದ ನೋಟ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ನಿಧನರಾದರು. ಅವರಿಗೆ ಆಗ 59 ವರ್ಷ. ಎರಡು ತಿಂಗಳು ತುಂಬುವ ಮೊದಲೇ ‘ಆಪ್ತರಕ್ಷಕ’ ತೆರೆಗೆ ಬಂದಿತು. ಚಿತ್ರಮಂದಿರಕ್ಕೆ ಬಂದ ಬಹುಪಾಲು ಜನ ಬಂದದ್ದು ದೆವ್ವ ನೋಡಲು ಅಲ್ಲ, ನೆಚ್ಚಿನ ನಟನನ್ನು ಕೊನೆಯ ಬಾರಿ ದೊಡ್ಡ ತೆರೆಯಲ್ಲಿ ಕಾಣಲು. ‘ಆಪ್ತಮಿತ್ರ’ದಿಂದ ಮನೆಮಾತಾಗಿದ್ದ ‘ಹೌಲಾ ಹೌಲಾ’ ಎಂಬ ರಾಜನ ಉದ್ಗಾರ ಮತ್ತೆ ಕೇಳಿಬಂದಾಗ ಶಿಳ್ಳೆಯೂ ಕಣ್ಣೀರೂ ಒಟ್ಟಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಈ ಪ್ರೇಕ್ಷಕರಿಗೆ ಕಥೆಯ ತರ್ಕ ಮುಖ್ಯವಲ್ಲ. ವೈದ್ಯನಾಗಿ, ರಾಜನಾಗಿ ಎರಡು ಪಾತ್ರಗಳಲ್ಲಿ ಅವರು ತೋರಿದ ಹುರುಪೇ ಚಿತ್ರದ ಸಾರ್ಥಕತೆ.

ಎರಡನೆಯದು ಮೊದಲ ಭಾಗವನ್ನು ಮೆಚ್ಚಿದವರ ಆಕ್ಷೇಪ. ಇವರ ಪ್ರಕಾರ ‘ಆಪ್ತಮಿತ್ರ’ದ ಗೆಲುವು ಅದರ ಕೊನೆಯಲ್ಲಿತ್ತು. ಮೂರು ಗಂಟೆ ಹೆದರಿಸಿ, ಕಡೆಗೆ ಹೆದರಿಕೆಯ ಬೇರು ಎಲ್ಲಿದೆ ಎಂದು ತೋರಿಸಿದ್ದು ದೊಡ್ಡ ಕೆಲಸ. ಅದನ್ನು ಎರಡನೆಯ ಭಾಗ ತಾನೇ ಅಳಿಸಿಹಾಕಿತು ಎಂಬುದು ಅವರ ದೂರು. ಚಿತ್ರಪಟವೇ ಕೇಡಿನ ಮೂಲವೆಂದಾದರೆ ಗಂಗಾಳ ರೋಗಕ್ಕೆ ಅರ್ಥವೇನು, ವೈದ್ಯನ ಚಿಕಿತ್ಸೆಗೆ ಬೆಲೆ ಏನು ಎಂಬ ಅವರ ಪ್ರಶ್ನೆಗೆ ಚಿತ್ರದಲ್ಲಿ ನೇರ ಉತ್ತರ ಸಿಗುವುದಿಲ್ಲ.

ಮೂರನೆಯದು ಕಥೆಯನ್ನು ಕಥೆಯಾಗಿಯೇ ಸ್ವೀಕರಿಸುವವರ ನೋಟ. ಕೊಳ್ಳೇಗಾಲ ಸೀಮೆಗೆ ಈ ನೋಟ ಹೊಸತಲ್ಲ. ದೇವರಗುಡ್ಡರು ಹಾಡುವ ಮಲೆಯ ಮಾದೇಶ್ವರನ ಕಾವ್ಯ, ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ಈ ನೆಲದ ಕೊಡುಗೆ. ಮಾದಪ್ಪ ಹುಲಿಯನ್ನು ವಾಹನ ಮಾಡಿಕೊಂಡ ಕಥೆಯನ್ನು ಇಲ್ಲಿನ ಜನ ರಾತ್ರಿಯಿಡೀ ಕುಳಿತು ಕೇಳಿದ್ದಾರೆ. ಪವಾಡ ನಡೆಯಿತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಪವಾಡದಿಂದ ಯಾರ ಸೊಕ್ಕು ಮುರಿಯಿತು, ಯಾರಿಗೆ ನ್ಯಾಯ ಸಿಕ್ಕಿತು ಎಂದು ಕೇಳುತ್ತಾರೆ. ‘ಆಪ್ತರಕ್ಷಕ’ವನ್ನು ಹೀಗೆ ನೋಡಿದವರಿಗೆ ನೂರು ದಾಟಿದ ರಾಜ ತೊಡಕಾಗಲಿಲ್ಲ. ಹೆಣ್ಣೊಬ್ಬಳನ್ನು ಕೊಂದವನು ಎಷ್ಟು ಕಾಲ ಬದುಕಿದರೂ ಲೆಕ್ಕ ಕೊಡಲೇಬೇಕು ಎಂಬುದೇ ಅವರಿಗೆ ಚಿತ್ರದ ಮಾತು.

ಈ ಮೂರು ನೋಟಗಳಲ್ಲಿ ಒಂದನ್ನೇ ಸರಿಯೆನ್ನುವುದು ಸಾಧ್ಯವಿಲ್ಲ. ಆದರೆ ಎರಡನೆಯ ಗುಂಪಿನ ಆಕ್ಷೇಪ ಚಿತ್ರಮಂದಿರದ ಹೊರಗೂ ನಿಲ್ಲುವಂಥದು.

ತೆರೆಯ ಹಾವು, ಹೊಲದ ಹಾವು

ಚಿತ್ರದ ಹಾವಿನ ಬಗ್ಗೆ ಎರಡು ಮಾತು ಅಗತ್ಯ. ಗಣಕಯಂತ್ರದ ನೆರವಿನಿಂದ ರೂಪಿಸಿದ ಈ ಹಾವು ಮಕ್ಕಳನ್ನು ರಂಜಿಸಿತು, ದೊಡ್ಡವರಲ್ಲಿ ಹಲವರನ್ನು ನಗಿಸಿತು. ವಿಷದ ಹಾವುಗಳಲ್ಲಿ ಜಗತ್ತಿನಲ್ಲಿಯೇ ಉದ್ದವಾದ ಕಾಳಿಂಗ ಸರ್ಪವೂ ಹೆಚ್ಚೆಂದರೆ ಸುಮಾರು 18 ಅಡಿ ಬೆಳೆಯುತ್ತದೆ. ಪಶ್ಚಿಮಘಟ್ಟದ ಮಳೆಕಾಡುಗಳಲ್ಲಿ ಇರುವ ಅದು ಮನುಷ್ಯರಿಂದ ದೂರವೇ ಉಳಿಯಲು ಬಯಸುತ್ತದೆ.

ಭತ್ತ, ಕಬ್ಬು, ಹಿಪ್ಪುನೇರಳೆ ಬೆಳೆಯುವ ಹಳ್ಳಿಗಳಲ್ಲಿ ಜನ ಅಂಜಬೇಕಾದದ್ದು ಅಷ್ಟುದ್ದದ ಹಾವಿಗಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ. ಭಾರತದಲ್ಲಿ 2000ದಿಂದ 2019ರವರೆಗಿನ ಅವಧಿಯಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಸತ್ತಿದ್ದಾರೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಗಳವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ರೋಗಗಳ ಪಟ್ಟಿಗೆ ಸೇರಿಸಿ, ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು.

ಕಡಿತಕ್ಕೆ ಮದ್ದು ಇರುವುದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಚುಚ್ಚುಮದ್ದಿನಲ್ಲಿ ಮಾತ್ರ. ಮಂತ್ರ ಹಾಕಿಸಲು, ಬೇರು ಕಟ್ಟಿಸಲು ಕಳೆಯುವ ಒಂದೊಂದು ಗಳಿಗೆಯೂ ಜೀವಕ್ಕೆ ಎರವಾಗುತ್ತದೆ. ತೆರೆಯ ಮೇಲೆ ಹಾವು ಬಂದಾಗ ಮಂತ್ರವಾದಿಯನ್ನು ಕರೆಸುವುದು ತಮಾಷೆ; ಹೊಲದ ಬದುವಿನಲ್ಲಿ ಕಡಿಸಿಕೊಂಡವನಿಗೆ ಅದೇ ದಾರಿ ತೋರಿಸಿದರೆ ಅಪರಾಧ. ಅಪರಾಧ ಎಂಬುದು ಇಲ್ಲಿ ಮಾತಿಗೆ ಹೇಳಿದ್ದಲ್ಲ. ಮಾಟ-ಮಂತ್ರದ ವಿರುದ್ಧ ರಾಜ್ಯ ರೂಪಿಸಿರುವ ಕಾನೂನಿನಲ್ಲಿಯೇ ಈ ಅಂಶವಿದೆ.

‘ನಾಗವಲ್ಲಿಯ ಶಾಪ’ವೆಂಬ ಗಾಳಿಮಾತು

ಎರಡನೆಯ ಭಾಗದ ಬಗೆಗಿನ ಅಭಿಪ್ರಾಯಗಳ ಜೊತೆಗೆ ಒಂದು ವದಂತಿಯೂ ಹಬ್ಬಿತು. ಸೌಂದರ್ಯ ಅವರು 2004ರ ಏಪ್ರಿಲ್ 17ರಂದು, ‘ಆಪ್ತಮಿತ್ರ’ ತೆರೆಕಾಣುವ ಮೊದಲೇ, ಬೆಂಗಳೂರಿನಲ್ಲಿ ನಡೆದ ಲಘುವಿಮಾನ ಅಪಘಾತದಲ್ಲಿ ಮೃತಪಟ್ಟಿದ್ದರು. ವಿಷ್ಣುವರ್ಧನ್ ಅವರು ‘ಆಪ್ತರಕ್ಷಕ’ ತೆರೆಕಾಣುವ ಮೊದಲು ಕಣ್ಮರೆಯಾದರು. ಎರಡು ಸಾವುಗಳನ್ನು ಜೋಡಿಸಿ, ಇದು ನಾಗವಲ್ಲಿಯ ಶಾಪವೆಂದು ಆಡಿಕೊಂಡವರು ಕಡಿಮೆಯೇನಿಲ್ಲ.

ಈ ಮಾತು ಎಷ್ಟು ಟೊಳ್ಳೆಂಬುದನ್ನು ತಿಳಿಯಲು ಉಳಿದವರ ಪಟ್ಟಿ ನೋಡಿದರೆ ಸಾಕು. ಅದೇ ಪಿ. ವಾಸು ಅವರು ರಜನೀಕಾಂತ್ ಅವರೊಂದಿಗೆ 2005ರಲ್ಲಿ ತಮಿಳಿನ ‘ಚಂದ್ರಮುಖಿ’ ಮಾಡಿ ಅಪಾರ ಯಶಸ್ಸು ಕಂಡರು. 2010ರಲ್ಲಿ ವೆಂಕಟೇಶ್ ಅವರೊಂದಿಗೆ ತೆಲುಗಿನ ‘ನಾಗವಲ್ಲಿ’, 2023ರಲ್ಲಿ ತಮಿಳಿನ ‘ಚಂದ್ರಮುಖಿ 2’ ನಿರ್ದೇಶಿಸಿದರು. ‘ಆಪ್ತಮಿತ್ರ’ಕ್ಕೆ ಹಣ ಹೂಡಿ ಅದರಲ್ಲಿ ನಟಿಸಿಯೂ ಇದ್ದ ದ್ವಾರಕೀಶ್ ಬದುಕಿ ಬಾಳಿ, 2024ರ ಏಪ್ರಿಲ್‌ನಲ್ಲಿ 81ನೆಯ ವಯಸ್ಸಿನಲ್ಲಿ ನಿಧನರಾದರು. ಕಾಲ್ಪನಿಕ ಪಾತ್ರವೊಂದು ಶಪಿಸುವುದಾದರೆ ಇಷ್ಟು ಜನರನ್ನು, ಇಷ್ಟು ಭಾಷೆಗಳನ್ನು ಬಿಟ್ಟು ಇಬ್ಬರನ್ನೇ ಆರಿಸಿಕೊಳ್ಳಲು ಕಾರಣವಿಲ್ಲ. ವಿಮಾನ ಬಿದ್ದದ್ದೂ ಹೃದಯ ನಿಂತದ್ದೂ ನಿಜವಾದ ದುರಂತಗಳು. ಅವಕ್ಕೆ ಶಾಪವೆಂದು ಹೆಸರಿಡುವುದು ಅಗಲಿದವರ ನೆನಪಿಗೆ ಮಾಡುವ ಗೌರವವಲ್ಲ.

ಆದರೂ ವದಂತಿ ಹಬ್ಬಿತು. ಮೊದಲ ಚಿತ್ರ ರೋಗವೆಂದು ತೀರ್ಮಾನಿಸಿದ್ದನ್ನು ಎರಡನೆಯದು ಮತ್ತೆ ದೆವ್ವವೆಂದದ್ದು ಆ ವದಂತಿಗೆ ಅನುಕೂಲವಾಯಿತು ಎಂಬುದನ್ನು ಅಲ್ಲಗಳೆಯಲಾಗದು.

ದೆವ್ವ ಯಾವಾಗಲೂ ಪರ ಊರಿನದು

ಈ ಬಗೆಯ ಚಿತ್ರಗಳನ್ನು ಒಟ್ಟಿಗೆ ನೋಡಿದಾಗ ಕುತೂಹಲದ ಅಂಶವೊಂದು ಗೋಚರಿಸುತ್ತದೆ. ದೆವ್ವ ಎಂದೂ ಸ್ವಂತ ಊರಿನದಾಗಿರುವುದಿಲ್ಲ. ಮಲಯಾಳದ ನಾಗವಲ್ಲಿ ತಂಜಾವೂರಿನ ತಮಿಳು ನರ್ತಕಿ. ಕನ್ನಡಕ್ಕೆ ಬಂದಾಗ ಆಕೆ ತೆಲುಗಿನವಳಾದಳು. ‘ಚಂದ್ರಮುಖಿ’ಯಲ್ಲಿಯೂ ನರ್ತಕಿ ತೆಲುಗಿನವಳೇ. ಪ್ರೇಕ್ಷಕರಿಗೆ ಅರೆಬರೆ ಅರ್ಥವಾಗುವ ನೆರೆಭಾಷೆಯಲ್ಲಿ ದೆವ್ವ ಮಾತನಾಡಿದರೆ ಭಯ ಹೆಚ್ಚು.

1990ರ ದಶಕದಲ್ಲಿ ಬೆಂಗಳೂರು ಮತ್ತು ಇತರ ಕಡೆಗಳಲ್ಲಿ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಸಿದ ವದಂತಿ ಹಲವರಿಗೆ ನೆನಪಿರಬಹುದು. ರಾತ್ರಿ ಹೊತ್ತು ಆಪ್ತರ ದನಿಯಲ್ಲಿ ಕರೆಯುವ ಹೆಣ್ಣು ದೆವ್ವ ಆ ಬರಹ ಓದಿ ಹಿಂದಿರುಗುತ್ತದೆಂಬ ನಂಬಿಕೆ ಅದರ ಹಿಂದೆ ಇತ್ತು. ಅದೇ ಎಳೆಯನ್ನು ಹಿಡಿದು 2018ರಲ್ಲಿ ಹಿಂದಿಯಲ್ಲಿ ‘ಸ್ತ್ರೀ’ ತಯಾರಾದಾಗ ಕಥೆ ನಡೆದದ್ದು ಮಧ್ಯಪ್ರದೇಶದ ಚಂದೇರಿಯಲ್ಲಿ. 2024ರಲ್ಲಿ ಬಂದ ‘ಸ್ತ್ರೀ 2’ ಆ ವರ್ಷ ಅತಿ ಹೆಚ್ಚು ಗಳಿಸಿದ ಹಿಂದಿ ಚಿತ್ರಗಳ ಸಾಲಿಗೆ ಸೇರಿತು. ಅಲ್ಲಿಯೂ ‘ಆಪ್ತರಕ್ಷಕ’ದ ಜಾಡೇ ಕಾಣುತ್ತದೆ: ಮೊದಲ ಭಾಗದ ನೊಂದ ಹೆಣ್ಣಿನ ಜಾಗಕ್ಕೆ ಎರಡನೆಯ ಭಾಗದಲ್ಲಿ ತಲೆಯಿಲ್ಲದ ರಾಕ್ಷಸ ಬಂದ. ಒಗಟು ಹಿಂದೆ ಸರಿಯಿತು, ಜೀವಿಯ ಗಾತ್ರ ಬೆಳೆಯಿತು.

ಇದೇ ತರ್ಕದಲ್ಲಿ ದೆವ್ವ ಬಿಡಿಸುವವನೂ ಮಾಟ ಮಾಡುವವನೂ ಪರ ಊರಿನವನೇ ಆಗಬೇಕು. ಕನ್ನಡದ ಆಡುಮಾತು ಮತ್ತು ಹಾಸ್ಯ ಆ ಪರ ಊರಿಗೆ ಇಟ್ಟ ಹೆಸರು ಕೊಳ್ಳೇಗಾಲ.

ಹೆಸರಿಗೆ ಅಂಟಿದ ಕಳಂಕ

‘ಕೊಳ್ಳೇಗಾಲಕ್ಕೆ ಹೋಗಿ ಮಾಡಿಸಿದ್ದಾರೆ’ ಎಂಬ ಮಾತಿಗೆ ಕರ್ನಾಟಕದಲ್ಲಿ ಎಲ್ಲಿಯೂ ವಿವರಣೆ ಬೇಡ. ವ್ಯಾಪಾರ ನೆಲ ಕಚ್ಚಿದರೆ, ಮದುವೆ ಮುರಿದರೆ, ಮಗು ಮಂಕಾದರೆ ಈ ಮಾತು ಬರುತ್ತದೆ. ಪತ್ರಿಕೆಗಳ ಕಿರುಜಾಹೀರಾತುಗಳಲ್ಲಿ, ಬಸ್ ನಿಲ್ದಾಣದ ಗೋಡೆಗಳ ಮೇಲೆ ಕೊಳ್ಳೇಗಾಲದ ಹೆಸರನ್ನು ಬಳಸಿಕೊಂಡು ಒಂಬತ್ತು ಗಂಟೆಗಳಲ್ಲಿ ವಶೀಕರಣ, ಮೂರು ದಿನಗಳಲ್ಲಿ ಶತ್ರುನಾಶ ಎಂದು ಸಾರುವವರಿಗೆ ಕೊರತೆಯಿಲ್ಲ. ಆ ಊರಿನ ಮುಖ ನೋಡದವರೂ ಆ ಹೆಸರಿನಿಂದ ಹಣ ಮಾಡಿಕೊಳ್ಳುತ್ತಾರೆ.

ಕೊಳ್ಳೇಗಾಲದ ನಿಜವಾದ ಪರಿಚಯ ಬೇರೆಯೇ ಇದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಅದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅನಂತರ ಮೈಸೂರು ಜಿಲ್ಲೆಗೆ, 1997ರಲ್ಲಿ ಹೊಸದಾಗಿ ರೂಪುಗೊಂಡ ಚಾಮರಾಜನಗರ ಜಿಲ್ಲೆಗೆ ಸೇರಿತು. ರೇಷ್ಮೆ ಸೀರೆಗಳ ನೇಯ್ಗೆ, ವ್ಯಾಪಾರಕ್ಕೆ ಪಟ್ಟಣ ಹೆಸರಾಗಿದೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟ, ನಡುವೆ ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಜಾತ್ರೆ. ಗಡಿಯಲ್ಲಿದ್ದುದು, ಕಾಡಿಗೆ ಹತ್ತಿರವಿದ್ದುದು, ಜೋಗಿ-ಜಂಗಮ, ನೀಲಗಾರರ ಪರಂಪರೆ ಉಳಿಸಿಕೊಂಡದ್ದು, ಇವೆಲ್ಲ ದೂರದವರ ಕಣ್ಣಿಗೆ ಈ ಸೀಮೆಯನ್ನು ನಿಗೂಢವಾಗಿ ತೋರಿಸಿರಬಹುದು. ಗಡಿಯ ಊರು ಎರಡೂ ಕಡೆಯವರಿಗೆ ಪರ ಊರೇ.

ಕಳಂಕ ಇಷ್ಟಕ್ಕೇ ನಿಲ್ಲಲಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ನಂಬಿಕೆಯಿಂದ ಜಿಲ್ಲಾ ಕೇಂದ್ರ ವರ್ಷಗಟ್ಟಲೆ ರಾಜ್ಯದ ಮುಖ್ಯಸ್ಥರ ಭೇಟಿಯಿಂದ ವಂಚಿತವಾಗಿತ್ತು. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯ ಅದೇ ವರ್ಷ ಇಲ್ಲಿಗೆ ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷಗಳ ಪೂರ್ಣಾವಧಿಯನ್ನೂ ಮುಗಿಸಿದರು. ಮೂಢನಂಬಿಕೆಗೆ ಇದಕ್ಕಿಂತ ಸರಳವಾದ ಉತ್ತರ ಇರಲಾರದು.

ಉದ್ಯೋಗಕ್ಕೋ ಓದಿಗೋ ಬೆಂಗಳೂರಿಗೆ, ಮೈಸೂರಿಗೆ ಹೋದ ಈ ಭಾಗದ ಯುವಕ-ಯುವತಿಯರು ಊರಿನ ಹೆಸರು ಹೇಳಿದೊಡನೆ ಎದುರಿನವರು ನಕ್ಕು ಮಾಟದ ಮಾತು ತೆಗೆಯುವುದು ಸಾಮಾನ್ಯ. ಹೇಳುವವರಿಗೆ ಅದು ತಮಾಷೆ, ಕೇಳುವವರಿಗೆ ನೂರನೆಯ ಬಾರಿ. ಹೊನ್ನೂರಿನವರು ಯಳಂದೂರು ತಾಲ್ಲೂಕಿನವರು. ಆದರೂ ದೂರದವರಿಗೆ ಗುರುತು ಸಿಗಲೆಂದು ‘ಕೊಳ್ಳೇಗಾಲದ ಹತ್ತಿರ’ ಎಂದರೆ ತಮಾಷೆಯ ಪಾಲು ಅವರಿಗೂ ತಪ್ಪದು. ಇದಕ್ಕಿಂತ ದೊಡ್ಡ ನಷ್ಟ ಹಳ್ಳಿಯೊಳಗಿನದು. ಮಾಟ ಎಂಬ ಮಾತು ಹುಟ್ಟಿದಲ್ಲಿ ಮಾಡಿಸಿದವರು ಯಾರು ಎಂಬ ಹುಡುಕಾಟವೂ ಹುಟ್ಟುತ್ತದೆ. ಬೆರಳು ಹೋಗುವುದು ದಾಯಾದಿಯ ಕಡೆಗೆ, ನೆರೆಮನೆಯ ವಿಧವೆಯ ಕಡೆಗೆ. ಗಂಗಾಳಂತೆ ಮನಸ್ಸಿನ ಚಿಕಿತ್ಸೆ ಬೇಕಾದವರು ಬೇವಿನ ಸೊಪ್ಪಿನ ಏಟು ತಿನ್ನುತ್ತಾರೆ.

ಕಾನೂನು ಏನು ಹೇಳುತ್ತದೆ?

ದೀರ್ಘ ಚರ್ಚೆ, ವಿರೋಧಗಳ ನಂತರ ರಾಜ್ಯದ ವಿಧಾನಮಂಡಲ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಹಾಗೂ ನಿರ್ಮೂಲನೆ ಕಾಯ್ದೆಯನ್ನು ಅಂಗೀಕರಿಸಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂದಿತು. ದೆವ್ವ ಬಿಡಿಸುವ ನೆಪದಲ್ಲಿ ವ್ಯಕ್ತಿಯನ್ನು ಹಗ್ಗ-ಸರಪಣಿಯಿಂದ ಕಟ್ಟುವುದು, ಹೊಡೆಯುವುದು, ಹಿಂಸಿಸುವುದು. ಮಾಟದ ಹೆಸರಿನಲ್ಲಿ ಭೀತಿ ಹುಟ್ಟಿಸುವುದು. ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ಸಿಗದಂತೆ ತಡೆದು ಮಂತ್ರ-ತಂತ್ರದ ಮೊರೆಹೋಗುವಂತೆ ಮಾಡುವುದು ಈ ಕಾಯ್ದೆಯಡಿ ಶಿಕ್ಷಾರ್ಹ. ಒಂದು ವರ್ಷದಿಂದ ಏಳು ವರ್ಷಗಳವರೆಗೆ ಸೆರೆವಾಸ, 5,000 ರೂಪಾಯಿಯಿಂದ 50,000 ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಪೂಜೆ, ಪ್ರದಕ್ಷಿಣೆ, ಜಾತ್ರೆ, ಹರಿಕಥೆ, ಜ್ಯೋತಿಷ್ಯ, ವಾಸ್ತುಗಳನ್ನು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಡಲಾಗಿದೆ.

ಸಿನಿಮಾದಲ್ಲಿ ದೆವ್ವ ತೋರಿಸುವುದಕ್ಕೆ ಈ ಕಾನೂನಿನ ಅಡ್ಡಿಯಿಲ್ಲ, ಇರಬೇಕಾಗಿಯೂ ಇಲ್ಲ. ಕಥೆಯಲ್ಲಿ ದೆವ್ವ ಇದ್ದರೆ ಊರು ಕೆಡುವುದಿಲ್ಲ. 1979ರ ‘ನಾ ನಿನ್ನ ಬಿಡಲಾರೆ’ ನೋಡಿ ಬೆಚ್ಚಿದವರೂ, 1993ರಲ್ಲಿ ಉಪೇಂದ್ರ ನಿರ್ದೇಶಿಸಿದ ‘ಶ್!’ ನೋಡಿ ನಕ್ಕು-ಬೆದರಿದವರೂ ಮರುದಿನ ತಮ್ಮ ಕೆಲಸಕ್ಕೆ ಹೋದರು. ‘ಕಲ್ಪನಾ’ (2012) ಮತ್ತು ‘ಕಲ್ಪನಾ 2’ (2016), ‘ನಮೋ ಭೂತಾತ್ಮ’ (2014) ಮತ್ತು ಅದರ ಎರಡನೆಯ ಭಾಗ (2023) ಇವೆಲ್ಲ ರಂಜನೆಗಾಗಿಯೇ ಬಂದವು. ಕೇಳಬೇಕಾದ ಪ್ರಶ್ನೆ ಬೇರೆ: ನಗು ಯಾರ ಖರ್ಚಿನಲ್ಲಿ?

ಸುಲೋಚನಾಳ ಮನೆ

ಈ ಪ್ರಶ್ನೆಯನ್ನು ಕನ್ನಡದ ಇತ್ತೀಚಿನ ಚಿತ್ರವೊಂದು ಎತ್ತಿದೆ ಎಂಬುದು ಸಮಾಧಾನದ ಸಂಗತಿ. ಜೆ.ಪಿ. ತುಮಿನಾಡು ನಿರ್ದೇಶಿಸಿ, ರಾಜ್ ಬಿ. ಶೆಟ್ಟಿ ಅವರು ನಿರ್ಮಾಪಕರಲ್ಲೊಬ್ಬರಾಗಿ 2025ರ ಜುಲೈ 25ರಂದು ಬಿಡುಗಡೆಯಾದ ‘ಸು ಫ್ರಮ್ ಸೋ’ ದೊಡ್ಡ ತಾರೆಯರಿಲ್ಲದೆ ಜನಮನ ಗೆದ್ದಿತು. ಕರಾವಳಿಯ ಹಳ್ಳಿಯೊಂದರ ಯುವಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬಾಕೆಯ ಪ್ರೇತ ಬಂದಿದೆ ಎಂದು ಊರು ನಂಬುವುದು ಅದರ ಕಥೆ. ಇಲ್ಲಿಯೂ ದೆವ್ವ ಪಕ್ಕದ ಊರಿನದೇ. ಚಿತ್ರದ ಹೆಸರೇ ದೆವ್ವದ ವಿಳಾಸ. ಆದರೆ ಆ ವಿಳಾಸದಲ್ಲಿ ನಿಜವಾದ ಮನೆಯೊಂದಿದೆ, ಆ ಮನೆಯಲ್ಲಿ ಮಗಳೊಬ್ಬಳಿದ್ದಾಳೆ, ಊರಿನ ತಮಾಷೆಯ ಬಿಸಿ ಅವಳಿಗೆ ತಟ್ಟುತ್ತದೆ ಎಂದು ತಿಳಿದಾಗ ಪ್ರೇಕ್ಷಕರ ನಗು ಬೇರೆ ದಾರಿ ಹಿಡಿಯುತ್ತದೆ.

‘ಆಪ್ತಮಿತ್ರ’ ಇಪ್ಪತ್ತು ವರ್ಷಗಳ ಹಿಂದೆ ಮಾಡಿದ್ದೂ ಒಂದು ಬಗೆಯಲ್ಲಿ ಇದನ್ನೇ. ದೆವ್ವದ ಮುಖವಾಡ ಸರಿಸಿ, ಅದರ ಹಿಂದಿದ್ದ ಗಂಗಾಳನ್ನು ತೋರಿಸಿತು. ‘ಆಪ್ತರಕ್ಷಕ’ ರಂಜನೆಯಲ್ಲಿ ಕಡಿಮೆಯಾಗಲಿಲ್ಲ, ನಟನೊಬ್ಬನ ವಿದಾಯವಾಗಿ ಅದರ ಸ್ಥಾನವನ್ನು ಯಾರೂ ಕಸಿಯಲಾರರು. ಆದರೆ ಮುಖವಾಡವನ್ನು ಅದು ಮತ್ತೆ ತೊಡಿಸಿತು ಎಂಬ ಪ್ರೇಕ್ಷಕರ ಆಕ್ಷೇಪದಲ್ಲಿಯೂ ಹುರುಳಿದೆ.

ಮುಂದೆ ಬರಲಿರುವ ಹಾಸ್ಯ-ಭೀತಿ ಚಿತ್ರಗಳಲ್ಲಿ ಹಾವು ಇನ್ನಷ್ಟು ಉದ್ದವಾಗಬಹುದು, ದೆವ್ವ ಇನ್ನಷ್ಟು ಭಾಷೆಗಳನ್ನಾಡಬಹುದು. ಅದಕ್ಕೆ ಯಾರ ತಕರಾರೂ ಇಲ್ಲ. ಮಂತ್ರವಾದಿ ಬಸ್ಸಿಳಿದು ಬರುವ ದೃಶ್ಯ ಬರೆಯುವಾಗ ಮಾತ್ರ, ಬಸ್ಸಿನ ಹಣೆಯ ಮೇಲೆ ಯಾವ ಊರಿನ ಹೆಸರು ಬರೆಯಬೇಕೆಂಬುದನ್ನು ಚಿತ್ರಕಥೆಗಾರರು ಒಂದು ಗಳಿಗೆ ಯೋಚಿಸಿದರೆ ಸಾಕು. ಆ ಬಸ್ಸಿನಲ್ಲಿ ದಿನವೂ ಓದಲು, ದುಡಿಯಲು, ಆಸ್ಪತ್ರೆಗೆ ಹೋಗುವ ಜನ ಇದ್ದಾರೆ.